ಪದಚರ್ಚೆ: ಹಿತ್ತಲ ಹಳ್ಳ ನೀರನ್ನು ‘ಸೋಸುತ್ತದೆ’ ಅನ್ನಬಹುದೇ?

ಬಲ್ಲವರಿಗೆಲ್ಲ ಬೆಳಗಾವಿಯಿಂದ ನಮಸ್ಕಾರ.

ನಮ್ಮ ಹಿತ್ತಲಲ್ಲಿ ಸುಮಾರು 4,000 ಲೀಟರ್ ನೀರು ಹಿಡಿಯುವ ಮೀನಿನ ಹೊಂಡ ಇದೆ. ಪಂಪು ನೀರನ್ನು ಮೇಲಕ್ಕೆ ಎತ್ತುತ್ತದೆ. ಅದು ಕಲ್ಲು ತುಂಬಿದ ತೊಟ್ಟಿಗೆ ಬಿದ್ದು, ಬೆಣಚುಕಲ್ಲು ಹಾಸಿದ ಸಣ್ಣ ಹಳ್ಳದಲ್ಲಿ ಕೆಸುವಿನ ಗಿಡಗಳ ನಡುವೆ ಹರಿದು, ಎರಡಡಿ ಎತ್ತರದಿಂದ ಮತ್ತೆ ಹೊಂಡಕ್ಕೆ ಬೀಳುತ್ತದೆ. ಎರಡು ಗಂಟೆಗೊಮ್ಮೆ ಹೊಂಡದ ನೀರೆಲ್ಲ ಹೀಗೆ ಒಂದು ಸುತ್ತು ಬರುತ್ತದೆ. ನೋಡಿದವರು ತಮಗೂ ಬೇಕು ಅಂದರು. ಅವರಿಗಾಗಿ ಒಂದು ಪುಟ ಬರೆಯಲು ಕುಳಿತೆ. ‘ಹಳ್ಳವು ನೀರನ್ನು ಸೋಸುತ್ತದೆ’ ಎಂದು ಶುರು ಮಾಡಿದೆ.

ಅದನ್ನು ಓದಿದ ನಮ್ಮತ್ತೆ, "ಸೋಸಾಕ ಅರಿವಿ ಎಲ್ಲೈತಿ?" ಅಂದರು. ಅರಿವಿ ಅಂದರೆ ನಮ್ಮ ಕಡೆ ಬಟ್ಟೆ.

ಅವರ ಮಾತು ನಿಜ. ಸೋಸುವುದು ಅಂದರೆ ಒಂದನ್ನು ತಡೆದು ಇನ್ನೊಂದನ್ನು ಬಿಡುವುದು. ಚಹಾ ಸೋಸುತ್ತೇವೆ, ಚರಟ ಮೇಲೆ ಉಳಿಯುತ್ತದೆ. ಹಳ್ಳದ ಕಲ್ಲುಗಳೂ ಕೊಂಚ ಕಸ ಹಿಡಿಯುತ್ತವೆ. ಆದರೆ ಅವುಗಳ ದೊಡ್ಡ ಕೆಲಸ ಬೇರೆಯೇ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಅದು ನೀರಲ್ಲಿ ಕರಗಿರುತ್ತದೆ, ಯಾವ ಬಟ್ಟೆಗೂ ಸಿಗುವುದಿಲ್ಲ. ಕಲ್ಲಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಕೆಸುವಿನ ಬೇರು ಅದನ್ನು ಉಂಡುಬಿಡುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕು. ನೀರು ಬೀಳುವಾಗ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ. ಪಂಪನ್ನು ರಾತ್ರಿಯೂ ನಿಲ್ಲಿಸಬಾರದು ಅನ್ನುವುದು ಅದಕ್ಕೇ.

ಪದದ ಬಗ್ಗೆ ಇಷ್ಟು ಯಾಕೆ ತಲೆ ಕೆಡಿಸಿಕೊಂಡೆ ಅಂದರೆ, ಹೋದ ಬೇಸಿಗೆಯಲ್ಲಿ ಈ ಪದವೇ ನನ್ನನ್ನು ದಾರಿ ತಪ್ಪಿಸಿತ್ತು. ಸೋಸುವ ಸಾಮಾನು ಅಂದಮೇಲೆ ತೊಳೆಯಬೇಕು ಅಲ್ವಾ? ಜರಡಿ ತೊಳೆದ ಹಾಗೆ ಕಲ್ಲುಗಳನ್ನೆಲ್ಲ ನಲ್ಲಿ ನೀರಲ್ಲಿ ಉಜ್ಜಿ ತೊಳೆದೆ. ಕ್ಲೋರಿನ್ ಇದ್ದ ನೀರು ಅದು. ಐದು ದಿನದಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ನಾಲ್ಕು ಸತ್ತವು. ಬ್ಯಾಕ್ಟೀರಿಯಾ ಇದ್ದದ್ದೇ ಕಲ್ಲಿನ ಮೇಲಿನ ಲೋಳೆಯಲ್ಲಿ, ಅದನ್ನೇ ನಾನು ಕೊಳೆ ಅಂದುಕೊಂಡಿದ್ದೆ. ‘ಸೋಸು’ ಅಂತ ಬರೆದರೆ ಓದಿದವರೂ ಅದನ್ನೇ ಮಾಡುತ್ತಾರೆ.

‘ತಿಳಿಗೊಳಿಸು’ ಚೆಂದದ ಮಾತು, ಆದರೆ ಅದೂ ಬೇರೆ ಕೆಲಸ. ರಾಡಿ ನೀರಿಗೆ ಪಟಿಕ ಆಡಿಸಿದರೆ ತಿಳಿಯಾಗುತ್ತದೆ. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳಿವೆ, ‘ಗಂಜ್’ ಅನ್ನುತ್ತಾರೆ. ಕೊಳವೆಯ ನೀರು ಅಲ್ಲಿ ಹತ್ತಿ ಇಳಿಯುವಾಗ ಒತ್ತಡ ತಗ್ಗುತ್ತಿತ್ತು, ಹೂಳು ತಳಕ್ಕೆ ಕೂರುತ್ತಿತ್ತು. ಅದು ತಿಳಿಯಾಗುವುದು. ನಮ್ಮ ಹೊಂಡದಲ್ಲಿ ನೀರು ಕನ್ನಡಿಯಂತೆ ತಿಳಿಯಾಗಿದ್ದಾಗಲೂ ಅಮೋನಿಯಾ ಇರಬಹುದು. ‘ಶುದ್ಧೀಕರಣ’ ಅಂದರೆ ಜನರಿಗೆ ನೆನಪಾಗುವುದು ಊರೂರಿನ ಕುಡಿಯುವ ನೀರಿನ ಘಟಕ. ‘ಶೋಧಿಸು’ ಅಂದರೆ ಈಗ ಹುಡುಕುವುದು ಅಂತಲೇ ಆಗಿದೆ.

ನನಗೆ ಹೊಳೆದದ್ದು ‘ಹದ’. ಹೊಸ ಹೊಂಡಕ್ಕೆ ಬ್ಯಾಕ್ಟೀರಿಯಾ ಕೂರಲು ನಾಲ್ಕಾರು ವಾರ ಬೇಕು. ಅಷ್ಟು ದಿನ ಮೀನು ಜಾಸ್ತಿ ಬಿಡಬಾರದು. ಮಣ್ಣು ಹದಕ್ಕೆ ಬರುತ್ತದೆ ಅನ್ನುತ್ತೇವಲ್ಲ, ಹಾಗೇ ‘ಹೊಂಡ ಹದಕ್ಕೆ ಬರುತ್ತದೆ, ಹಳ್ಳ ನೀರನ್ನು ಹದ ಮಾಡುತ್ತದೆ’. ಹಳೆಯ ಹೊಂಡದ ಒಂದು ಬೊಗಸೆ ಕಲ್ಲನ್ನು ಹೊಸದಕ್ಕೆ ಹಾಕಿದರೆ ಬೇಗ ಹದವಾಗುತ್ತದೆ, ಹಾಲಿಗೆ ಹೆಪ್ಪು ಹಾಕಿದಂತೆ. ಆ ಕಲ್ಲನ್ನು ‘ಹೆಪ್ಪುಗಲ್ಲು’ ಅನ್ನೋಣ ಅಂತ ನನ್ನಾಸೆ. ಹೆಪ್ಪನ್ನು ಯಾರೂ ತೊಳೆಯುವುದಿಲ್ಲ. ಆದರೆ ‘ಹೆಪ್ಪುಗಟ್ಟು’ ನೆನಪಾಗಿ ನೀರು ಗಟ್ಟಿಯಾಗುತ್ತದೆ ಅಂದುಕೊಂಡಾರು ಎಂಬ ಅಳುಕೂ ಇದೆ.

ಇನ್ನೊಂದು ಸಣ್ಣ ಪ್ರಶ್ನೆ. ಎರಡಡಿ ಬೀಳುವ ನೀರಿಗೆ ‘ಜಲಪಾತ’ ದೊಡ್ಡದಾಯಿತು. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕುತ್ತಾಳೆ, ಅದಕ್ಕೆ ಸರಿ. ಪಕ್ಕದ ಮನೆಯ ಮರಾಠಿಯವರು ನಮ್ಮದಕ್ಕೂ ‘ಧಬಧಬಾ’ ಅನ್ನುತ್ತಾರೆ. ಅದೂ ಸದ್ದಿಗೆ ಹೊಂದುವುದಿಲ್ಲ. ಸದ್ಯ ‘ನೀರು ಬೀಳು’ ಅಂತ ಬರೆದಿಟ್ಟಿದ್ದೇನೆ.

ನಿಮ್ಮ ಕಡೆ ನೀರಿಗೆ ‘ಹದ’ ಅನ್ನುವ ಬಳಕೆ ಇದೆಯಾ? ಇಳಕಲ್, ರಬಕವಿ ಕಡೆ ನೂಲಿಗೆ ಬಣ್ಣ ಹಾಕುವವರನ್ನು ಬಲ್ಲವರು ಇದ್ದರೆ, ಬಣ್ಣದ ನೀರು ತಯಾರಾಗುವುದಕ್ಕೆ ಅವರು ಏನನ್ನುತ್ತಾರೆ ಎಂದು ಕೇಳಿ ತಿಳಿಸಿ.