ಯುಗಾದಿಗೆ ಮುಂಚೆ ಎಸಿ ಸರ್ವಿಸ್: ಗ್ಯಾಸ್ ಹಾಕಿಸಲೇಬೇಕಾ? ಅನುಭವ ಇದ್ದವರು ಹೇಳಿ

ಬಳ್ಳಾರಿ ಸೊಸೆ
ಎಲ್ಲರಿಗೂ ನಮಸ್ಕಾರ. ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್, ನಾಲ್ಕು ವರ್ಷ ಹಳೆಯದು. ದೀಪಾವಳಿ ಆದಮೇಲೆ ಆನ್ ಮಾಡಿರಲಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯಿತು, ಮಾರನೇ ದಿನದಿಂದಲೇ ನಮ್ಮೂರ ಬಿಸಿಲು ಶುರು. ಮಾವನವರಿಗೆ ತಡೆಯೋಕೆ ಆಗುವುದಿಲ್ಲ ಅಂತ ಸರ್ವಿಸ್‌ಗೆ ಹೇಳಿದೆ. ಬಂದ ಹುಡುಗ ಫಿಲ್ಟರ್ ಕೂಡ ಬಿಚ್ಚಲಿಲ್ಲ. ಹೊರಗಿನ ಯೂನಿಟ್‌ಗೆ ಗ್ಯಾಸಿನ ಪ್ರೆಶರ್ ನೋಡುವ ಗೇಜ್ ಸಿಕ್ಕಿಸಿ "ಗ್ಯಾಸ್ ಕಮ್ಮಿ ಇದೆ ಮೇಡಂ, ಟಾಪ್ ಅಪ್ ಮಾಡ್ಬೇಕು, 2,800" ಅಂದ. ತಂಪು ಸುಮಾರಾಗಿ ಬರುತ್ತಿದೆ, ಒಳಗಿನ ಯೂನಿಟ್‌ನಿಂದ ಗೋಡೆ ಮೇಲೆ ನೀರು ಇಳಿಯುತ್ತಿದೆ. ನಾಳಿದ್ದು ಮತ್ತೆ ಬರುತ್ತಾನಂತೆ. ಹಾಕಿಸಲಾ, ಬೇಡವಾ?

ರಾಯಚೂರು ಮೇಷ್ಟ್ರು
ಮೇಡಂ, ಡೈರಿ ನೋಡಿಕೊಂಡೇ ಬರೆಯುತ್ತಿದ್ದೇನೆ. ಮೊದಲ ಬೇಸಿಗೆ ಟಾಪ್ ಅಪ್ 2,200. ಎರಡನೇ ಬೇಸಿಗೆ 2,500. ಮೂರನೇ ಬೇಸಿಗೆ 2,800. ಪ್ರತಿ ಸಲವೂ ಅದೇ ಮನುಷ್ಯ, ಅದೇ ಮಾತು: "ಬಿಸಿಲಿಗೆ ಗ್ಯಾಸ್ ಖರ್ಚಾಗುತ್ತೆ ಸರ್." ಖರ್ಚಾಗೋಕೆ ಅದೇನು ಪೆಟ್ರೋಲಾ? ಪೈಪಿನೊಳಗೆ ಸುತ್ತುವ ಗ್ಯಾಸು, ತೂತಿಲ್ಲದೆ ಎಲ್ಲಿಗೆ ಹೋಗುತ್ತದೆ? ಇದು ನನಗೆ ಹೊಳೆಯೋಕೆ ಮೂರು ವರ್ಷ ಬೇಕಾಯಿತು, ಅದೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನಿಗೆ. ನಾಲ್ಕನೇ ವರ್ಷ ಬೇರೆಯವನನ್ನು ಕರೆಸಿದೆ. ನೈಟ್ರೋಜನ್ ತುಂಬಿಸಿ ಸೋಪಿನ ನೊರೆ ಹಚ್ಚಿದ. ಹೊರಗಿನ ಯೂನಿಟ್‌ನ ಫ್ಲೇರ್ ನಟ್ (ಪೈಪಿನ ಅಗಲಿಸಿದ ತುದಿಯನ್ನು ಬಿಗಿಯುವ ನಟ್) ಹತ್ತಿರ ಗುಳ್ಳೆ ಎದ್ದವು. ನೈಟ್ರೋಜನ್ 800, ಫ್ಲೇರ್ ಹೊಸದಾಗಿ ಮಾಡಿದ್ದಕ್ಕೆ 300, ವ್ಯಾಕ್ಯೂಮ್ ಮಾಡಿ, ಅಂದರೆ ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಪೂರ್ತಿ ಗ್ಯಾಸ್ 3,100. ಒಟ್ಟು 4,200. ಹಿಂದಿನದೂ ಸೇರಿ 11,700. ಮುನ್ನೂರು ರೂಪಾಯಿಯ ಕೆಲಸಕ್ಕೆ!

ಸುರತ್ಕಲ್ ಅಕ್ಕ
ಮೇಷ್ಟ್ರೇ, ನಟ್ ಹತ್ತಿರ ಲೀಕ್ ಆದದ್ದು ನಿಮ್ಮ ಪುಣ್ಯ. ನಮ್ಮದು ಸಮುದ್ರದಿಂದ ಅರ್ಧ ಕಿಲೋಮೀಟರ್. ಉಪ್ಪುಗಾಳಿಗೆ, ಗ್ಯಾಸ್ ಹರಿಯುವ ಪೈಪಿನ ಸುರುಳಿಯಾದ ಹೊರಗಿನ ಕಾಯಿಲ್‌ನ ರೆಕ್ಕೆಗಳು ಹಪ್ಪಳದ ಹಾಗೆ ಪುಡಿಯಾದವು, ಮುಟ್ಟಿದರೆ ಬೂದಿ. ಕೊಳ್ಳುವಾಗ "ತಾಮ್ರದ ಕಾಯಿಲ್, ಏನೂ ಆಗಲ್ಲ" ಅಂದಿದ್ದರು. ನಾಲ್ಕನೇ ವರ್ಷ ತೂತು ಬಿತ್ತು. ವಾರಂಟಿ ಕಾರ್ಡ್ ತೆಗೆದು ಓದಿದರೆ, ಹತ್ತು ವರ್ಷ ಅಂದದ್ದು ಕಂಪ್ರೆಸರ್‌ಗೆ ಮಾತ್ರ. ಕಾಯಿಲ್ 9,600, ಗ್ಯಾಸ್ 3,200, ಕೂಲಿ 1,500. ಯೂನಿಟ್ ಎರಡನೇ ಮಹಡಿಯ ಹೊರಗೋಡೆಯಲ್ಲಿ ಇದೆ ಅಂತ ಏಣಿಗೆ ಬೇರೆ 500! ಏಣಿ ನಮ್ಮದೇ. ಈಗ ತಿಂಗಳಿಗೊಮ್ಮೆ ಸಿಹಿನೀರಿನ ಪೈಪ್ ಹಿಡಿದು ಹೊರಗಿನ ಯೂನಿಟ್ ನಾನೇ ತೊಳೆಯುತ್ತೇನೆ. ಮಾರ್ಚ್‌ನಲ್ಲಿ ಒಂದು ಸಲ ಸರ್ವಿಸ್ ಮಾಡಿಸುವುದು ಕರಾವಳಿಗೆ ಏನೂ ಸಾಲದು.

ಕಲಬುರಗಿ ಕೂಲರ್
ಇಷ್ಟೆಲ್ಲ ಸುರಿದು ನೀರು ಸೋರುವ ಡಬ್ಬಿ ಗೋಡೆಗೆ ನೇತುಹಾಕುವುದು ಯಾಕೆ? ನಲವತ್ಮೂರು ಡಿಗ್ರಿಯಲ್ಲಿ ಹನ್ನೆರಡು ವರ್ಷದಿಂದ ಒಂದೇ ಕೂಲರ್ ನಮ್ಮ ಮನೆಯಲ್ಲಿ. ಯುಗಾದಿಗೆ ಮುಂಚೆ ಪ್ಯಾಡ್ ಬದಲಾಯಿಸುವುದು, 900. ಪಂಪ್ ಎರಡು ವರ್ಷಕ್ಕೊಂದು, 350. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡು ಪಂಪ್ ಹೋಗುತ್ತದೆ, ಅದು ನಿಜ. ಜೇನುಗೂಡಿನ ಹಾಗೆ ತೂತುಗಳಿರುವ ಹನಿಕೋಂಬ್ ಪ್ಯಾಡ್ ಹಾಕಿಸಿ ಅಂತ ಅಳಿಯ ಹೇಳಿದ, ಹಾಕಿಸಿದೆ, 2,400. ಒಂದೇ ಬೇಸಿಗೆಯಲ್ಲಿ ಸುಣ್ಣ ಹಿಡಿದು ಇಟ್ಟಿಗೆ ಆಯಿತು. ಮತ್ತೆ ಹುಲ್ಲಿನ ಪ್ಯಾಡಿಗೇ ಬಂದೆ. ಗ್ಯಾಸಿಲ್ಲ, ಗೇಜಿಲ್ಲ. ಸುರತ್ಕಲ್ ಅಕ್ಕನವರೂ ಒಂದು ಕೂಲರ್ ತಂದಿಟ್ಟುಕೊಂಡಿದ್ದರೆ ಆಗುತ್ತಿತ್ತು.

ಸುರತ್ಕಲ್ ಅಕ್ಕ
ಅಣ್ಣಾ, ಒಂದು ಮೇ ತಿಂಗಳು ನಮ್ಮೂರಿಗೆ ಬನ್ನಿ. ಇಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಗಾಳಿಯಲ್ಲೇ ಅಷ್ಟು ನೀರಿರುವಾಗ ನಿಮ್ಮ ಕೂಲರ್ ನೀರು ಆರುವುದು ಎಲ್ಲಿಂದ? ಕೋಣೆಯೊಳಗೆ ಇಡ್ಲಿ ಬೇಯಿಸಿದ ಹಾಗೆ ಆಗುತ್ತದೆ. ಗೊತ್ತಿಲ್ಲದ ಊರಿಗೆ ಸಲಹೆ ಕೊಡಬಾರದು.

ಕಲಬುರಗಿ ಕೂಲರ್
ಸಲಹೆ ಕೇಳಿದ್ದು ಬಳ್ಳಾರಿಯವರು. ಬಳ್ಳಾರಿಗೆ ಸಮುದ್ರ ಯಾವಾಗ ಬಂತು?

ವಿಜಯನಗರ ಸ್ವಂತ ಕೈ
ನಾನು ಆರು ವರ್ಷದಿಂದ ಒಬ್ಬ ಮೆಕ್ಯಾನಿಕ್‌ಗೂ ಬಾಗಿಲು ತೆಗೆದಿಲ್ಲ. ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ 650, ಅಡಿಯಲ್ಲಿ ಕಟ್ಟುವ ಪ್ಲಾಸ್ಟಿಕ್ ಚೀಲ 400, ಹಳೇ ಟೂತ್‌ಬ್ರಷ್. ಮೇನ್ ಆಫ್ ಮಾಡಿ ಕಾಯಿಲ್ ತೊಳೆದರೆ ಬರುವ ಕಪ್ಪು ನೀರು ನೋಡಬೇಕು ನೀವು, ಡಿಕಾಕ್ಷನ್ ಇದ್ದ ಹಾಗೆ. ಬ್ಲೋವರ್ ಉರುಳೆಯ ಸಂದಿಗಳಲ್ಲಿ ಕೂತ ಧೂಳು ತೆಗೆಯೋಕೆ ಒಂದು ಭಾನುವಾರ ಪೂರ್ತಿ ಬೇಕು. ಸರ್ವಿಸ್ ಹುಡುಗರು ಅದನ್ನು ಮುಟ್ಟುವುದೂ ಇಲ್ಲ. ಎರಡನೇ ವರ್ಷ ಮಾತ್ರ ಪಿಸಿಬಿ (ಎಸಿಯ ಸರ್ಕ್ಯೂಟ್ ಬೋರ್ಡ್) ಮೇಲೆ ಸ್ವಲ್ಪ ನೀರು ಬಿತ್ತು.

ರಾಯಚೂರು ಮೇಷ್ಟ್ರು
ಸ್ವಲ್ಪ ನೀರಿಗೆ ಎಷ್ಟಾಯಿತು ಸರ್?

ವಿಜಯನಗರ ಸ್ವಂತ ಕೈ
ರಿಪೇರಿ 3,500. ಅದು ಇಪ್ಪತ್ತು ದಿನಕ್ಕೆ ಹೋಯಿತು. ಆಮೇಲೆ ಹೊಸದು 7,800. ಆದರೂ ಆರು ವರ್ಷದ ಸರ್ವಿಸ್ ದುಡ್ಡು ಲೆಕ್ಕ ಹಾಕಿದರೆ ನನಗೆ ನಷ್ಟ ಇಲ್ಲ. ಹೆಚ್ಚು ಕಡಿಮೆ ಸಮ.

ಗೇಜ್ ಹಿಡಿಯುವವನು
ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹುಬ್ಬಳ್ಳಿಯಲ್ಲಿ. ಎಲ್ಲರೂ ಸೇರಿ ನಮ್ಮನ್ನು ಕಳ್ಳರು ಮಾಡಿದ್ದು ಆಯಿತಾ? 499 ರೂಪಾಯಿಗೆ ಮೊಬೈಲ್‌ನಲ್ಲಿ ಬುಕ್ ಮಾಡುತ್ತೀರಿ. ಅದರಲ್ಲಿ ಹುಡುಗನ ಕೈಗೆ ಬರುವುದೆಷ್ಟು? ಪೆಟ್ರೋಲ್ ಅವನದು, ಪಂಪ್ ಅವನದು, ಮೂರನೇ ಮಹಡಿಯ ಸಜ್ಜಾ ಮೇಲೆ ಹಗ್ಗ ಇಲ್ಲದೆ ನಿಲ್ಲುವವನೂ ಅವನೇ. ಮಾರ್ಚ್‌ನಲ್ಲಿ ದಿನಕ್ಕೆ ಎಂಟು ಮನೆ. ಅವನಿಗೆ ಉಳಿಯುವುದು ಗ್ಯಾಸಿನಲ್ಲಿ ಮಾತ್ರ. ಸರಿ ಅಂತ ಹೇಳುತ್ತಿಲ್ಲ, ಇರುವುದು ಹೇಳಿದೆ.

ಇನ್ನು ಗೇಜ್ ವಿಷಯ. ಫಿಲ್ಟರ್ ಕಟ್ಟಿಕೊಂಡಿದ್ದರೆ ಒಳಗಿನ ಕಾಯಿಲ್‌ಗೆ ಗಾಳಿ ಸಾಕಾಗಲ್ಲ. ಆಗ ಪ್ರೆಶರ್ ತಾನಾಗಿ ಕಮ್ಮಿ ತೋರಿಸುತ್ತದೆ. ಕಾಯಿಲ್ ಮೇಲೆ ಐಸ್ ಕಟ್ಟಿ, ಕರಗಿ, ಗೋಡೆ ಮೇಲೂ ಇಳಿಯಬಹುದು. ಅದಕ್ಕೇ ಮೊದಲು ತೊಳೆ, ಆಮೇಲೆ ಗೇಜ್ ಹಾಕು ಅಂತ ನಮ್ಮ ಗುರುಗಳು ಕಪಾಳಕ್ಕೆ ಹೊಡೆದು ಕಲಿಸಿದ್ದರು. ಗ್ಯಾಸ್ ಹಾಕುವುದೇ ಆದರೆ ತಕ್ಕಡಿ ಬೇಕು. ಹೊರಗಿನ ಯೂನಿಟ್ ಮೇಲಿನ ಪಟ್ಟಿಯಲ್ಲಿ ಎಷ್ಟು ಗ್ರಾಂ ಅಂತ ಬರೆದೇ ಇರುತ್ತದೆ. ಆರ್-410ಎ ಆದರೆ ಎರಡು ಗ್ಯಾಸಿನ ಮಿಶ್ರಣ, ಸಿಲಿಂಡರಿನಿಂದ ದ್ರವವಾಗಿಯೇ ಬಿಡಬೇಕು. ಆರ್-32 ಬೆಂಕಿ ಹಿಡಿಯುವ ಗ್ಯಾಸ್, ಪೈಪ್ ಪೂರ್ತಿ ಖಾಲಿ ಮಾಡದೆ ಬೆಸುಗೆ ಹಾಕುವ ಹಾಗಿಲ್ಲ. ಸ್ವಂತ ಕೈಯವರೇ, ಇದನ್ನೂ ಟೂತ್‌ಬ್ರಷ್‌ನಲ್ಲಿ ಮಾಡುತ್ತೀರಾ?

ವಿಜಯನಗರ ಸ್ವಂತ ಕೈ
ಗ್ಯಾಸ್ ಮುಟ್ಟಿದೆ ಅಂತ ನಾನು ಎಲ್ಲಿ ಹೇಳಿದೆ? ಸರಿಯಾಗಿ ಓದಿ. ನಿಮ್ಮ ಕಡೆಯ ಹುಡುಗರೇ ನಮ್ಮ ಪಕ್ಕದ ಮನೆಯಲ್ಲಿ ವ್ಯಾಕ್ಯೂಮ್ ಪಂಪ್ ಇಲ್ಲದೆ ಗ್ಯಾಸ್ ಹಾಕಿಹೋದರು.

ಗೇಜ್ ಹಿಡಿಯುವವನು
ನಮ್ಮ ಕಡೆಯ ಹುಡುಗರು ಅಂದರೆ ಏನರ್ಥ? ನಿಮ್ಮ ಪಕ್ಕದ ಮನೆ ಬೆಂಗಳೂರಿನ ವಿಜಯನಗರದಲ್ಲಿದೆ, ನಾನಿರುವುದು ಹುಬ್ಬಳ್ಳಿಯಲ್ಲಿ.

ಮಿಷಿಗನ್ ಮಂಜು
ಇಲ್ಲಿನ ಕಥೆ ಕೇಳಿ. ನಮಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್‌ಗೂ ಬೇಸಿಗೆಯ ಎಸಿಗೂ ಒಂದೇ ಬ್ಲೋವರ್, ಒಂದೇ ಫಿಲ್ಟರ್. ನವೆಂಬರ್‌ನಿಂದ ಓಡಿ ಓಡಿ ಏಪ್ರಿಲ್‌ಗೆ ಅದು ಗೋಣಿತಾಟಿನ ಹಾಗೆ ಆಗಿರುತ್ತದೆ. 89 ಡಾಲರಿನ ವಸಂತಕಾಲದ ಟ್ಯೂನ್ ಅಪ್ ಅಂತ ಒಬ್ಬ ಬಂದ. ಇಪ್ಪತ್ತೇ ನಿಮಿಷ. ನಮ್ಮದು 2007ರ ಯಂತ್ರ, ಆರ್-22 ಗ್ಯಾಸ್. 2020ರಿಂದ ಇಲ್ಲಿ ಅದನ್ನು ಹೊಸದಾಗಿ ತಯಾರಿಸುವಂತೆಯೂ ಇಲ್ಲ, ಹೊರಗಿನಿಂದ ತರಿಸುವಂತೆಯೂ ಇಲ್ಲ. ಹಳೇ ಯಂತ್ರಗಳಿಂದ ಇಳಿಸಿ ಶುದ್ಧ ಮಾಡಿದ ಮಾಲು ಸಿಗುತ್ತದೆ, ಬೆಲೆ ಕೇಳಬೇಡಿ. ಅದನ್ನೇ ಹೇಳಿ ಪೂರ್ತಿ ಹೊಸದು ಹಾಕಿಸಿ, 7,400 ಡಾಲರ್ ಅಂದ. ಗ್ಯಾಸ್ ಸೋರಿಯೇ ಇರಲಿಲ್ಲ! ಕೆಟ್ಟಿದ್ದು ಮೋಟರ್ ತಿರುಗಿಸಲು ನೆರವಾಗುವ ಕೆಪಾಸಿಟರ್ ಅನ್ನುವ ಸಣ್ಣ ಭಾಗ. 22 ಡಾಲರಿಗೆ ತರಿಸಿ ನಾನೇ ಹಾಕಿದೆ. ಈಗ ಮೂರು ಬೇಸಿಗೆ ಆಯಿತು. ಜೂನ್ ಹೊತ್ತಿಗೆ ಕಾಟನ್‌ವುಡ್ ಮರದ ಅರಳೆ ಹಾರಿಬಂದು ಹೊರಗಿನ ಯೂನಿಟ್‌ಗೆ ಕಂಬಳಿ ಹೊದಿಸುತ್ತದೆ, ಅದನ್ನು ಪೈಪ್ ಹಿಡಿದು ತೊಳೆದರೆ ಆಯಿತು.

ಗೇಜ್ ಹಿಡಿಯುವವನು
ಕೆಪಾಸಿಟರ್ ನಾನೇ ಹಾಕಿದೆ ಅಂತ ಇಲ್ಲಿ ಬರೆಯಬೇಡಿ ಸರ್. ಮೇನ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ನಿಂತಿರುತ್ತದೆ. ಓದಿದವರು ಯಾರಾದರೂ ಕೈ ಹಾಕಿದರೆ?

ಕಲಬುರಗಿ ಕೂಲರ್
ಡಾಲರ್ ಲೆಕ್ಕ ನಮಗೆ ಯಾಕೆ ಬೇಕು.

ಮಿಷಿಗನ್ ಮಂಜು
ಅನುಭವ ಹೇಳಿ ಅಂದರು, ಹೇಳಿದೆ. ನಿಮ್ಮ ಕೂಲರ್ ತೊಟ್ಟಿಯ ಸೊಳ್ಳೆಮರಿ ಲೆಕ್ಕವನ್ನೂ ಯಾರೂ ಕೇಳಿರಲಿಲ್ಲ.

ಕಲಬುರಗಿ ಕೂಲರ್
ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ತಿಕ್ಕಿ, ಒಣಗಿಸುತ್ತೇನೆ. ಬಂದು ನೋಡಿ!

ದಾವಣಗೆರೆ ಸಂಡಿಗೆ
ಎಸಿ ಇರುವವರಿಗೆ ನನ್ನದೊಂದು ಪ್ರಶ್ನೆ. ನಿಮ್ಮ ಡ್ರೈನ್ ಪೈಪ್ ಎಲ್ಲಿಗೆ ಬಿಡುತ್ತೀರಿ? ನಮ್ಮ ಮಹಡಿ ಮೇಲೆ ಹೋದ ವರ್ಷ ಎರಡು ಸೇರು ಅಕ್ಕಿಯ ಸಂಡಿಗೆ ಇಟ್ಟಿದ್ದೆ. ಪಕ್ಕದ ಕಟ್ಟಡದ ಪೈಪಿನಿಂದ ರಾತ್ರಿಯೆಲ್ಲ ತೊಟ್ಟಿಕ್ಕಿ ಬೆಳಿಗ್ಗೆ ಗಂಜಿ. ಕೇಳಿದರೆ "ಅದು ಶುದ್ಧ ನೀರು ಆಂಟಿ" ಅಂತಾರೆ. ಶುದ್ಧ ಆದರೆ ನೀವೇ ಕುಡಿಯಿರಪ್ಪ.

ವಿಜಯನಗರ ಸ್ವಂತ ಕೈ
ನಾನು ಆ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸೋಕೆ ಬಳಸುತ್ತೇನೆ.

ದಾವಣಗೆರೆ ಸಂಡಿಗೆ
ನಿಮ್ಮಂಥವರು ನಮ್ಮ ಪಕ್ಕದಲ್ಲಿ ಇಲ್ಲವಲ್ಲ.

ರಾಯಚೂರು ಮೇಷ್ಟ್ರು
ಒಂದು ತಿದ್ದುಪಡಿ. ಮೇಲಿನ ಲೆಕ್ಕದಲ್ಲಿ ಎರಡನೇ ವರ್ಷದ ಸರ್ವಿಸ್ 450 ಬಿಟ್ಟುಹೋಗಿತ್ತು. ಒಟ್ಟು 12,150.

ಬಳ್ಳಾರಿ ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅದೇ ಹುಡುಗ ಬಂದಿದ್ದ. ಮೊದಲು ತೊಳಿ, ಆಮೇಲೆ ಗೇಜ್ ಅಂದೆ. ಮುಖ ಊದಿಸಿಕೊಂಡು ತೊಳೆದ. ಡ್ರೈನ್‌ನಲ್ಲಿ ಪಾಚಿ ಜೊತೆಗೆ ಒಂದು ಸತ್ತ ಹಲ್ಲಿ. ಗೋಡೆಗೆ ನೀರು ಬರುವುದು ನಿಂತಿದೆ. ಗೇಜ್ ಈಗಲೂ ಸ್ವಲ್ಪ ಕಮ್ಮಿನೇ ಅಂತಾನೆ, ತಂಪು ಮಾತ್ರ ಚೆನ್ನಾಗಿ ಬರುತ್ತಿದೆ. ಗ್ಯಾಸ್ ಸದ್ಯಕ್ಕೆ ಬೇಡ ಅಂದೆ. 600 ತೆಗೆದುಕೊಂಡ. ಹಳೇ ಪೈಪ್ ಸೀಳಿತ್ತು ಅಂತ 150ಕ್ಕೆ ಹೊಸದು ಹಾಕಿ ಹೊರಗೆ ಬಿಟ್ಟಿದ್ದಾನೆ.

ದಾವಣಗೆರೆ ಸಂಡಿಗೆ
ಹೊರಗೆ ಅಂದರೆ ಎಲ್ಲಿಗಮ್ಮ? ಕೆಳಗಡೆ ಯಾರ ಮನೆ ಇದೆ?