ಸಹಾಯ ಬೇಕು: ಹಳೇ ಪೋರ್ಚುಗೀಸ್ ಕೈಬರಹ ಓದಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದ 18ನೇ ಶತಮಾನದ ವೈನ್ ವ್ಯಾಪಾರಿಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಅರ್ಧಕ್ಕೇ ನಿಂತಿದೆ.

ಅಲ್ಲಿನ ಫುಂಚಾಲ್ ಬಂದರಿನಲ್ಲಿ ನೆಲೆಸಿದ್ದ ಇಂಗ್ಲಿಷ್, ಸ್ಕಾಟಿಷ್ ವ್ಯಾಪಾರಿಗಳು ಅಮೆರಿಕಕ್ಕೂ ನಮ್ಮ ಇಂಡಿಯಾಕ್ಕೂ ವೈನ್ ಕಳಿಸುತ್ತಿದ್ದರು. ಮಜಾ ಏನೆಂದರೆ, ಹಡಗಿನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಬೆಂದರೂ ಆ ವೈನ್ ಕೆಡುತ್ತಿರಲಿಲ್ಲ, ರುಚಿ ಜಾಸ್ತಿಯಾಗುತ್ತಿತ್ತು! ಹೀಗೆ ಸಮುದ್ರ ಸುತ್ತಿ ಬಂದಿದ್ದಕ್ಕೆ ‘ವಿನ್ಯು ದಾ ರೋಡಾ’ ಅಂತಲೇ ಹೆಸರು.

ಊಟ, ಉಪಚಾರವೂ ವ್ಯಾಪಾರದ ಭಾಗವೇ. 1768ರಲ್ಲಿ ಕ್ಯಾಪ್ಟನ್ ಕುಕ್ ಹಡಗು ಅಲ್ಲಿ ನಿಂತಾಗ, ಜೊತೆಗಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಉಳಿದುಕೊಂಡಿದ್ದು ಇಂಗ್ಲಿಷ್ ಕಾನ್ಸಲ್ (ಅಲ್ಲಿದ್ದ ಇಂಗ್ಲಿಷ್ ಸರ್ಕಾರದ ಪ್ರತಿನಿಧಿ) ಮನೆಯಲ್ಲಿ. ಹೊರಡುವಾಗ ಹಡಗಿಗೆ ಏರಿದ ವೈನ್ 3,000 ಗ್ಯಾಲನ್‌ಗಿಂತ ಜಾಸ್ತಿ. ಕುಡಿದವರು ಪುಣ್ಯವಂತರು ಬಿಡಿ.

ಈಗ ವಿಷಯಕ್ಕೆ ಬರುತ್ತೇನೆ. ಆ ಕಾಲದ ಲೆಕ್ಕದ ಹಾಳೆಗಳ ಫೋಟೋ ಸಿಕ್ಕಿವೆ. ಅಕ್ಷರ ಒಂದಕ್ಕೊಂದು ಅಂಟಿಕೊಂಡಿವೆ, ಶಾಯಿ ಹಿಂದಿನ ಪುಟಕ್ಕೂ ಇಳಿದಿದೆ. ಎರಡು ಸಂಜೆ ಕೂತರೂ ‘ಪೀಪಾ’ ಅನ್ನುವ ಒಂದೇ ಪದ ತಿಳಿಯಿತು. ನಮ್ಮ ಪೀಪಾಯಿ ಬಂದಿದ್ದು ಅದರಿಂದಲೇ ಅಲ್ವಾ?

ಗೋವಾ, ಮಂಗಳೂರು ಕಡೆ ಇದನ್ನು ಓದಬಲ್ಲವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಾಲ್ಕೇ ಹಾಳೆ. ಪೂರ್ತಿ ಅನುವಾದ ಬೇಡ, ಸರಕು ಯಾವ ಊರಿಗೆ ಹೋಯಿತು, ಎಷ್ಟು ಬೆಲೆಗೆ ಅಂತ ಗೊತ್ತಾದರೆ ಸಾಕು.