ಪದಚರ್ಚೆ: ಲಕ್ಷಣ ಕಾಣದ ಸೋಂಕಿತರನ್ನು ‘ರೋಗವಾಹಕರು’ ಅನ್ನಬಹುದೇ?

ಬಲ್ಲವರೆಲ್ಲರಿಗೂ ನಮಸ್ಕಾರ. ಮಧುಗಿರಿ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗಾಗಿ ಅಂಟುರೋಗಗಳ ಬಗ್ಗೆ ನಾವು ಕೆಲವರು ಸೇರಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇವೆ. ಕೊರೊನಾ ಅಧ್ಯಾಯದಲ್ಲಿ ‘ಎಸಿಂಪ್ಟಮ್ಯಾಟಿಕ್ ಕ್ಯಾರಿಯರ್’ (ಕಾಯಿಲೆಯ ಲಕ್ಷಣ ಕಾಣದಿದ್ದರೂ ಸೋಂಕು ಹೊತ್ತವರು) ಎಂಬುದಕ್ಕೆ ಕರಡಿನಲ್ಲಿ ‘ಲಕ್ಷಣರಹಿತ ರೋಗವಾಹಕರು’ ಎಂದಾಗಿದೆ. ಅದರ ಎರಡು ಪದಗಳೂ ನನಗೆ ಒಪ್ಪಿಗೆಯಾಗುತ್ತಿಲ್ಲ.

ಮೊದಲು ‘ರೋಗವಾಹಕ’. ಆರೋಗ್ಯ ಇಲಾಖೆಯ ಬಳಕೆಯಲ್ಲಿ ಈ ಪದ ಈಗಾಗಲೇ ಸೊಳ್ಳೆಯ ಪಾಲಾಗಿದೆ. ಡೆಂಗಿ, ಮಲೇರಿಯಾ, ಚಿಕೂನ್‌ಗುನ್ಯ ಎಲ್ಲವೂ ‘ರೋಗವಾಹಕ ಆಶ್ರಿತ ರೋಗಗಳು’. ತೊಟ್ಟಿ, ಡ್ರಮ್ಮುಗಳಲ್ಲಿ ಲಾರ್ವಾ ಹುಡುಕಿ ನೀರು ಚೆಲ್ಲಿಸುವ ಆಶಾ ಕಾರ್ಯಕರ್ತೆ ಈ ಪದ ಕೇಳಿದ ಕೂಡಲೇ ನೆನೆಯುವುದು ಸೊಳ್ಳೆಯನ್ನೇ, ಅಂದರೆ ನಿರ್ಮೂಲ ಮಾಡಬೇಕಾದ್ದನ್ನು. ಅದೇ ಪದವನ್ನು ಪಕ್ಕದ ಬೀದಿಯ ಮನುಷ್ಯನಿಗೆ ಅಂಟಿಸುವುದು ನನಗೆ ಸರಿಕಾಣದು. ರೋಗ ಸಾಗಿಸುವ ಸೊಳ್ಳೆಯಂಥ ಜೀವಿ, ಅಂದರೆ ‘ವೆಕ್ಟರ್’ ಬೇರೆ; ಸೋಂಕು ಹೊತ್ತ ಮನುಷ್ಯ, ಅಂದರೆ ‘ಕ್ಯಾರಿಯರ್’ ಬೇರೆ. ಕನ್ನಡದಲ್ಲಿ ಎರಡೂ ‘ವಾಹಕ’ದೊಳಗೆ ಬಿದ್ದಿವೆ.

ಇನ್ನೊಂದು ತೊಡಕು ಕಾಲದ್ದು. ‘ವಾಹಕ’ ಅಂದಾಗ ಸದಾ ಹೊತ್ತು ತಿರುಗುವವರು ಎಂಬ ಧ್ವನಿ ಬರುತ್ತದೆ. ಟೈಫಾಯ್ಡ್ ವಿಷಯದಲ್ಲಿ ಅದು ನಿಜವಿರಬಹುದು. ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಉಳಿದು, ಮನುಷ್ಯ ಆರೋಗ್ಯವಾಗಿಯೇ ಓಡಾಡಿಕೊಂಡು ಇತರರಿಗೆ ಹರಡುವುದುಂಟು. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್‌ಳನ್ನು ಇದೇ ಕಾರಣಕ್ಕೆ 1907ರಲ್ಲಿ ಹಿಡಿದು ದ್ವೀಪದಲ್ಲಿಟ್ಟರು. 1910ರಲ್ಲಿ ಬಿಟ್ಟವರು 1915ರಲ್ಲಿ ಮತ್ತೆ ಹಿಡಿದರು, 1938ರಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಕೊರೊನಾ ಸೋಂಕು ಹಾಗಲ್ಲ. ಲಕ್ಷಣ ಕಾಣದವರಲ್ಲೂ ಅದು ಬಂದು ಹೋಗುವಂಥದ್ದು. ರೋಗನಿರೋಧಕ ಶಕ್ತಿ ತೀರಾ ಕುಂದಿದವರನ್ನು ಬಿಟ್ಟರೆ, ಸುಮಾರು ಹತ್ತು ದಿನ ಕಳೆದ ಮೇಲೆ ಅವರಿಂದ ಹರಡುವ ಸಾಧ್ಯತೆ ಬಹಳ ಕಡಿಮೆ. 2020ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಲಘು ಸೋಂಕಿನವರನ್ನು ಮರುಪರೀಕ್ಷೆ ಇಲ್ಲದೆಯೇ ಮನೆಗೆ ಕಳಿಸಬಹುದು ಎಂದು ನಿಯಮ ಬದಲಿಸಿತು. ಆದರೂ ನಮ್ಮ ಕಡೆ ಕ್ವಾರಂಟೈನ್ ಮುಗಿಸಿ ಬಂದವರನ್ನು ಊರಿನವರು ‘ನೆಗೆಟಿವ್ ರಿಪೋರ್ಟ್ ತೋರ್ಸಿ’ ಎಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು, ಡೇರಿಯಲ್ಲಿ ಅವರ ಮನೆ ಹಾಲು ಬೇಡ ಅನ್ನುತ್ತಿದ್ದರು. ಆ ನೋವು ನೋಡಿದ ಮೇಲೆ, ಗುಣವಾದವರ ಬೆನ್ನಿಗೂ ಅಂಟಿಕೊಳ್ಳುವ ಪದವನ್ನು ನಾವೇ ಅಚ್ಚುಹಾಕಿ ಹಂಚುವುದು ಬೇಡ ಅನ್ನಿಸುತ್ತದೆ.

ಇನ್ನು ‘ಲಕ್ಷಣರಹಿತ’. ಪತ್ರಿಕೆಗಳಲ್ಲಿ ಬಳಕೆಯಾಗಿರುವುದು ಗೊತ್ತು. ಆದರೆ ಮಾತಿನಲ್ಲಿ ‘ಲಕ್ಷಣ’ ಅಂದರೆ ಚೆಲುವು, ಸೊಗಸು ಕೂಡ. ‘ಹುಡುಗಿ ಲಕ್ಷಣವಾಗಿದ್ದಾಳೆ’ ಅನ್ನುವವರ ಕಿವಿಗೆ ‘ಲಕ್ಷಣರಹಿತಳು’ ಬೈಗುಳವಾಗಿ ಕೇಳುತ್ತದೆ. ಯಾರೋ ‘ನಿರ್ಲಕ್ಷಣ’ ಎಂದು ಸೂಚಿಸಿದರು. ಓದುವವರು ಅದನ್ನು ‘ನಿರ್ಲಕ್ಷ್ಯ’ ಎಂದೇ ಓದಿಬಿಡುತ್ತಾರೆ. ‘ಸುಪ್ತ ಸೋಂಕು’ (ಒಳಗೆ ಮಲಗಿರುವ ಸೋಂಕು) ಕ್ಷಯರೋಗದಲ್ಲಿ ನೆಲೆಯೂರಿದ ಪದ, ಸುಪ್ತ ಕ್ಷಯ ಇತರರಿಗೆ ಹರಡುವುದಿಲ್ಲ, ಕೊರೊನಾ ಹರಡುತ್ತದೆ. ಹಾಗಾಗಿ ಅದೂ ಕೂಡದು.

ಇದಕ್ಕಿಂತ ಮುಖ್ಯವಾದ ಗೊಂದಲ ಒಂದಿದೆ. ಪರೀಕ್ಷೆ ಮಾಡಿದ ದಿನ ಲಕ್ಷಣ ಇಲ್ಲದವರಲ್ಲಿ ಎರಡು ಬಗೆ: ಕೊನೆಯವರೆಗೂ ಏನೂ ಕಾಣದವರು, ಮತ್ತು ಎರಡು ಮೂರು ದಿನ ಬಿಟ್ಟು ಜ್ವರ, ಕೆಮ್ಮು ಬರುವವರು. ಎರಡನೆಯವರು ಲಕ್ಷಣ ಕಾಣಿಸಿಕೊಳ್ಳುವ ಸುಮಾರು ಎರಡು ದಿನ ಮೊದಲೇ ಹರಡತೊಡಗಿರುತ್ತಾರೆ. 2020ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧಿಕಾರಿಯೊಬ್ಬರು ‘ಲಕ್ಷಣವಿಲ್ಲದವರಿಂದ ಹರಡುವುದು ಬಲು ಅಪರೂಪ’ ಎಂಬರ್ಥದ ಮಾತಾಡಿ, ಮಾರನೆಯ ದಿನವೇ ವಿವರಣೆ ಕೊಡಬೇಕಾಗಿ ಬಂದದ್ದು ಈ ಎರಡು ಬಗೆ ಬೆರೆತುಹೋದ್ದರಿಂದಲೇ. ಅದೇ ವರ್ಷ 79 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ಅವಲೋಕನದಲ್ಲಿ, ಒಟ್ಟು ಸೋಂಕಿತರ ಪೈಕಿ ಕೊನೆಯವರೆಗೂ ಲಕ್ಷಣ ಕಾಣದವರು ಸುಮಾರು ಶೇ 20 ಮಾತ್ರ.

ಅವರ ಗತಿ ಏನಾಗುತ್ತದೆ? ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ಆದರೆ 2020ರ ಆರಂಭದಲ್ಲಿ ಕೊರೊನಾ ಹರಡಿದ ‘ಡೈಮಂಡ್ ಪ್ರಿನ್ಸೆಸ್’ ಎಂಬ ಪ್ರವಾಸಿ ಹಡಗಿನ ಸೋಂಕಿತರಲ್ಲಿ ಲಕ್ಷಣವಿಲ್ಲದ 76 ಮಂದಿಯ ಎದೆಯ ಸಿ.ಟಿ. ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವರ ಶ್ವಾಸಕೋಶದಲ್ಲಿ ಮಬ್ಬು ಕಲೆಗಳಿದ್ದವು. ರೋಗಿಗೆ ಅನುಭವಕ್ಕೆ ಬರುವುದು ಒಂದು, ವೈದ್ಯರಿಗೆ ಕಾಣುವುದು ಇನ್ನೊಂದು. ನಾವು ಎರಡಕ್ಕೂ ‘ಲಕ್ಷಣ’ ಅನ್ನುತ್ತೇವೆ. ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಸೋಂಕು ತಗುಲಿದ್ದೇ ಗೊತ್ತಾಗದ ಮಗುವಿಗೂ ಎರಡರಿಂದ ಆರು ವಾರಗಳ ನಂತರ ಬಿಡದ ಜ್ವರ, ಮೈಮೇಲೆ ದದ್ದು, ಹೊಟ್ಟೆನೋವು, ಹೃದಯದ ತೊಂದರೆ ಬರಬಹುದು. ಅಪರೂಪವೇ ಸರಿ, ಆದರೆ ತಡಮಾಡುವಂತಿಲ್ಲ. ‘ಅವ್ನಿಗೇನೂ ಇಲ್ಲ, ಬರೀ ಪಾಸಿಟಿವ್ ಅಷ್ಟೆ’ ಎಂಬ ನಮ್ಮೂರ ಮಾತನ್ನು ಹೊತ್ತಿಗೆಯಲ್ಲಿ ಹಾಗೆಯೇ ಇಡಲು ನನಗೆ ಧೈರ್ಯವಿಲ್ಲದ್ದು ಇದಕ್ಕೇ.

ನನ್ನ ಸಲಹೆ ಹೀಗಿದೆ. ಮೊದಲ ಬಗೆಗೆ ‘ಲಕ್ಷಣ ಕಾಣದ ಸೋಂಕಿತರು’, ಎರಡನೆಯದಕ್ಕೆ ‘ಲಕ್ಷಣ ಇನ್ನೂ ಕಾಣದ ಸೋಂಕಿತರು’. ‘ಇಲ್ಲದ’ ಬದಲು ‘ಕಾಣದ’ ಅಂದರೆ ಒಳಗೆ ಏನಾದರೂ ಇರಬಹುದು ಎಂಬ ಎಚ್ಚರ ಉಳಿಯುತ್ತದೆ. ‘ಲಕ್ಷಣಪೂರ್ವ’ ಅಡಕವಾಗಿದೆ ನಿಜ, ಆದರೆ ಮನೆ ಬಾಗಿಲಲ್ಲಿ ನಿಂತು ಹೇಳುವ ಮಾತಲ್ಲ. ‘ವಾಹಕ’ವನ್ನು ಕೊರೊನಾ ಅಧ್ಯಾಯದಿಂದ ತೆಗೆದು, ಟೈಫಾಯ್ಡಿನ ಕಡೆ ಮಾತ್ರ ‘ದೀರ್ಘಕಾಲ ಸೋಂಕು ಹೊತ್ತವರು’ ಎಂದು ಬಿಡಿಸಿ ಬರೆಯೋಣವೇ?

ಕೊನೆಗೆ ಒಂದು ಕೋರಿಕೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಅನೇಕ ಮನೆಗಳಲ್ಲಿ ಆಡುಮಾತು ತೆಲುಗು. ಅಲ್ಲಿನ ಆಶಾ ಕಾರ್ಯಕರ್ತೆಯರು, ದಾದಿಯರು ಈ ‘ಇನ್ನೂ ಕಾಣದ’ ಸ್ಥಿತಿಯನ್ನು ಜನಕ್ಕೆ ಹೇಗೆ ಹೇಳುತ್ತಿದ್ದರು? ಮಧುಗಿರಿಯ ಹಳಬರ ಬಾಯಲ್ಲಿ ‘ಒಳಜ್ವರ’ ಕೇಳಿದ್ದೇನೆ, ಆದರೆ ಅದರಲ್ಲಿ ಜ್ವರ ಇದೆ ಎಂಬ ಭಾವ ಬಂದುಬಿಡುತ್ತದೆ. ನಿಮ್ಮೂರಿನ ಮಾತು ಯಾವುದಿದ್ದರೂ, ಯಾರು, ಯಾವ ಸಂದರ್ಭದಲ್ಲಿ ಹೇಳುತ್ತಿದ್ದರು ಎಂಬುದನ್ನೂ ಸೇರಿಸಿ ಬರೆಯಿರಿ; ಕರಡು ಅಚ್ಚಿಗೆ ಹೋಗುವ ಮುನ್ನ ತಿದ್ದಿಕೊಳ್ಳುತ್ತೇವೆ.